ರತ್ನಾಜಿ ಕಂಡ ದೆವ್ವ

ಸತ್ತ ಹೆಣ್ಣಿಗೆ ನಮ್ಮ ಹಳ್ಳಿಗಳು ಬಹುಮಟ್ಟಿಗೆ ಎರಡೇ ದಾರಿ ಬಿಟ್ಟಿವೆ. ಗಂಡನ ಹಿಂದೆ ಹೋದವಳು ಮಾಸ್ತಿಕಲ್ಲಾದಳು: ಬಳೆ ತೊಟ್ಟ ತೋಳು, ಎತ್ತಿದ ಅಂಗೈ, ಅರಿಸಿನ ಕುಂಕುಮದ ಪೂಜೆ. ತನ್ನ ಆಸೆಯ ಹಿಂದೆ ಹೋಗಿ ಸತ್ತವಳು ಗಾಳಿಯಾದಳು, ದೆವ್ವವಾದಳು, ಮೋಹಿನಿಯಾದಳು. ಬಾಣಂತನದಲ್ಲಿ ಸತ್ತವಳು, ಬಾವಿಗೆ ಬಿದ್ದವಳು, ಮದುವೆಗೆ ಮುಂಚೆ ಹೋದವಳು ಕೂಡ ಇದೇ ಸಾಲಿಗೆ ಸೇರಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಲದ ಬದುಗಳಲ್ಲಿ ಮೊದಲನೆಯವಳು ಕಲ್ಲಾಗಿ ನಿಂತಿದ್ದರೆ, ಎರಡನೆಯವಳು ಹುಣಸೆಮರದ ಕತೆಗಳಲ್ಲಿ, ಗಾಳಿ ಬಿಡಿಸುವವರ ಬೈಗುಳದಲ್ಲಿ ಉಳಿದಿದ್ದಾಳೆ.

ಕಳೆದ ಐದಾರು ದಶಕಗಳಲ್ಲಿ ನಾಟಕಕಾರರು, ಕತೆಗಾರರು, ಸಿನಿಮಾದವರು ಈ ಎರಡನೆಯವಳ ಕಡೆ ತಿರುಗಿದ್ದಾರೆ. ದೆವ್ವದ ಹಳೆಯ ಕತೆಯನ್ನು ಪ್ರೇಮಕತೆಯಾಗಿ, ಅದೂ ಹೆಣ್ಣಿನ ಬಾಯಿಂದಲೇ ಹೇಳಿಸುವ ಪ್ರಯತ್ನ ಭಾರತದ ಹಲವು ಭಾಷೆಗಳಲ್ಲಿ ನಡೆದಿದೆ. ಅವುಗಳಲ್ಲಿ ಯಾವುದು ನಿಜಕ್ಕೂ ಅವಳ ಕಡೆ ನಿಂತಿತು, ಯಾವುದು ಅವಳ ಹೆಸರಿನಲ್ಲಿ ಬೇರೆಯವರ ಕತೆ ಹೇಳಿತು ಎಂದು ನೋಡುವುದು ಈ ಲೇಖನದ ಕೆಲಸ. ಇನ್ನೊಂದು ಮಾತನ್ನೂ ಹೇಳಬೇಕಿದೆ. ಈ ಸೀಮೆಯ ಅತಿ ದೊಡ್ಡ ಐತಿಹ್ಯದೊಳಗೇ ಒಂದು ದೆವ್ವದ ಪ್ರೇಮಕತೆ ಇದೆ. ಅದನ್ನು ನಾವು ವೀರಗಾಥೆ ಎಂದು ಓದುತ್ತ ಬಂದಿದ್ದರಿಂದ ಅದು ಕಣ್ಣಿಗೆ ಬೀಳಲಿಲ್ಲ.

ಅದು ಕುಮಾರರಾಮನ ಕತೆ. ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಸಮೀಪ ಬೆಟ್ಟಗಳ ನಡುವೆ ಕುಮ್ಮಟದುರ್ಗದ ಕೋಟೆ ಹಾಳುಬಿದ್ದಿದೆ. ತುಂಗಭದ್ರೆಯ ಆಚೆ ದಡಕ್ಕೆ ಕಂಪ್ಲಿ. ದೇವಗಿರಿಯ ಸೇವುಣರು ಕುಸಿಯುತ್ತಿದ್ದ ಹೊತ್ತಿನಲ್ಲಿ ಮುಮ್ಮಡಿ ಸಿಂಗನ ಮಗ ಕಂಪಿಲರಾಯ ಇಲ್ಲಿ ಸ್ವತಂತ್ರನಾಗಿ ಆಳಿದ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟದ್ದರಿಂದ ದಿಲ್ಲಿಯ ಸೇನೆ ಬಂತು, 1327ರಲ್ಲಿ ರಾಜ್ಯ ಅಳಿಯಿತು. ಇಬ್ನ್ ಬತೂತ ಬರೆದ ಪ್ರಕಾರ ಸೋಲು ಖಚಿತವಾದಾಗ ಅರಸ ಬೆಂಕಿ ಹೊತ್ತಿಸಿದ, ರಾಣಿವಾಸದ ಹೆಂಗಸರು ಅದನ್ನು ಹೊಕ್ಕರು, ಅರಸ ಹೋರಾಡಿ ಸತ್ತ, ಅವನ ಹನ್ನೊಂದು ಮಕ್ಕಳನ್ನು ಸುಲ್ತಾನನ ಬಳಿಗೆ ಒಯ್ದರು. ಗಂಡುಮಕ್ಕಳಿಗೆ ಲೆಕ್ಕವಿದೆ. ಬೆಂಕಿ ಹೊಕ್ಕವರು ಎಷ್ಟು ಮಂದಿ, ಅವರ ಹೆಸರೇನು ಎಂಬುದು ಆ ಬರಹದಲ್ಲಿ ಸಿಗುವುದಿಲ್ಲ.

ಇತಿಹಾಸ ಬಿಟ್ಟ ಈ ಜಾಗಕ್ಕೆ ಐತಿಹ್ಯ ಒಬ್ಬ ಹೆಂಗಸನ್ನು ತಂದು ನಿಲ್ಲಿಸಿತು. ಅವಳು ರತ್ನಾಜಿ, ಕೆಲವು ಕಡೆ ರತ್ನಾಂಗಿ. ಕಂಪಿಲರಾಯನ ಕಿರಿಯ ಹೆಂಡತಿ, ಕುಮಾರರಾಮನ ಮಲತಾಯಿ. ಕೆಲವು ಪಾಠಗಳಲ್ಲಿ ಅವಳನ್ನು ಮೊದಲು ನೋಡಿದ್ದು ರಾಮನಿಗೇ. ಅವನು ಒಲ್ಲೆನೆಂದ ಮೇಲೆ ತಂದೆಯೇ ಅವಳನ್ನು ಕಟ್ಟಿಕೊಂಡ. ಒಂದು ದಿನ ಚೆಂಡಾಡುವಾಗ ರಾಮನ ಚೆಂಡು ಅವಳ ಅರಮನೆಯೊಳಗೆ ಬೀಳುತ್ತದೆ. ಚೆಂಡು ಕೇಳಲು ಬಂದವನನ್ನು ಅವಳು ಕೂಡಲು ಕರೆಯುತ್ತಾಳೆ. ಅವನು ಪರನಾರಿ ಸೋದರ, ನಿರಾಕರಿಸಿ ಹೊರಬೀಳುತ್ತಾನೆ. ಅವಳು ಅವನ ಮೇಲೆ ಅಪವಾದ ಹೊರಿಸುತ್ತಾಳೆ. ಅರಸ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನೂ ಜೊತೆಗಾರರನ್ನೂ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆಗಳನ್ನು ತೋರಿಸುತ್ತಾನೆ. ಮುಂದೆ ದಿಲ್ಲಿಯ ದಂಡು ಬಂದು ಕೋಟೆ ಕೈತಪ್ಪುವ ಹೊತ್ತಿಗೆ ಸತ್ತನೆಂದುಕೊಂಡವನು ಎದ್ದು ಬರುತ್ತಾನೆ, ಗೆಲ್ಲುತ್ತಾನೆ. ರತ್ನಾಜಿ ತಾನೇ ಜೀವ ಕಳೆದುಕೊಳ್ಳುತ್ತಾಳೆ. ಕೊನೆಗೆ ಮಾತಂಗಿ ಎಂಬ ವೀರಹೆಂಗಸಿನ ಕೈಯಲ್ಲಿ ರಾಮನ ಸಾವು. ನಂಜುಂಡನ ರಾಮನಾಥ ಚರಿತೆ, ಪಾಂಚಾಳ ಗಂಗನ ಚೆನ್ನರಾಮನ ಸಾಂಗತ್ಯ, ಮಹಲಿಂಗಸ್ವಾಮಿಯ ಬಾಲರಾಮನ ಸಾಂಗತ್ಯ ಈ ಕತೆಯ ಲಿಖಿತ ರೂಪಗಳು. ಜನರ ಬಾಯಲ್ಲಿ, ಬಯಲಾಟದಲ್ಲಿ ಇನ್ನೆಷ್ಟೋ ರೂಪಗಳಿವೆ. 2006ರಲ್ಲಿ ಎಚ್.ಆರ್. ಭಾರ್ಗವ ಅವರ ನಿರ್ದೇಶನದಲ್ಲಿ, ಶಿವರಾಜಕುಮಾರ್ ನಾಯಕರಾಗಿ ‘ಗಂಡುಗಲಿ ಕುಮಾರರಾಮ’ ಸಿನಿಮಾ ಬಂತು. ಆ ಹೆಸರೇ ಹೇಳುವಂತೆ ಅದು ಗಂಡುಗಲಿಯ ಕತೆ.

ಇದರಲ್ಲಿ ದೆವ್ವ ಎಲ್ಲಿದೆ? ಬೈಚಪ್ಪನಿಗೆ ರಾಮ ಬದುಕಿರುವುದು ಗೊತ್ತು. ಕೇಳುಗರಾದ ನಮಗೂ ಗೊತ್ತು. ಆದ್ದರಿಂದ ಅವನು ನೆಲಮಾಳಿಗೆಯಿಂದ ಮೇಲೆ ಬಂದಾಗ ನಮಗೆ ಅದು ಜಯ. ರತ್ನಾಜಿಗೆ ಮಾತ್ರ ಅದು ಹಾಗಲ್ಲ. ತನ್ನ ಮಾತಿನಿಂದ ಅವನು ಸತ್ತನೆಂದು ನಂಬಿ, ಆ ಸಾವಿನ ಜೊತೆ ಅದೇ ಅರಮನೆಯಲ್ಲಿ ಉಂಡು ಮಲಗಿ ಬದುಕಿದವಳು ಅವಳು. ಅವಳ ಪಾಲಿಗೆ ಬಂದವನು ಸತ್ತವನೇ. ತಾನು ಬಯಸಿದವನು, ತಾನೇ ಕೊಲ್ಲಿಸಿದವನು, ಕುದುರೆಯೇರಿ ಹಗಲಿನಲ್ಲಿ ಕೋಟೆಯೊಳಗೆ ಬರುತ್ತಾನೆ. ಇಡೀ ಕತೆಯಲ್ಲಿ ದೆವ್ವ ಕಂಡವಳು ಅವಳೊಬ್ಬಳೇ. ಕವಿಗಳು ಗಂಡಸಿನ ಪಕ್ಕ ನಿಂತು ನೋಡಿದ್ದರಿಂದ ಅವರಿಗೆ ಅದು ಕಾಣಲಿಲ್ಲ. ಅವಳ ಪಕ್ಕ ನಿಂತು ನೋಡಿದರೆ ಕತೆಯ ತೂಕವೇ ಬದಲಾಗುತ್ತದೆ.

ಇನ್ನು ಉಳಿದವರು ಏನು ಮಾಡಿದರು ನೋಡೋಣ.

ನಮ್ಮ ಸಿನಿಮಾ ದೆವ್ವದ ಹೆಣ್ಣಿಗೆ ಪ್ರೀತಿಯನ್ನು ಕೊಟ್ಟಿತು, ಕೊಟ್ಟ ಕೈಯಲ್ಲೇ ಅದಕ್ಕೆ ಮದ್ದನ್ನೂ ಹುಡುಕಿತು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಕಾಮಿನಿಯ ಆತ್ಮ ನಾಯಕನನ್ನು ಹಿಡಿಯುತ್ತದೆ. ಅನಂತನಾಗ್ ಆ ಪಾತ್ರದಲ್ಲಿ ಹೆಣ್ಣಿನ ಕಣ್ಣು, ಹೆಣ್ಣಿನ ಸಿಟ್ಟು ತಂದದ್ದನ್ನು ಆ ಕಾಲದ ಪ್ರೇಕ್ಷಕರು ಮರೆತಿಲ್ಲ. ಆದರೆ ಕತೆಯ ಗುರಿ ಅವಳಿಂದ ಬಿಡುಗಡೆ, ಬಿಡಿಸುವವರು ಗುರುರಾಯರು. 2004ರ ‘ಆಪ್ತಮಿತ್ರ’ದಲ್ಲಿ, ಅದರ ಮೂಲವಾದ 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ, ನಾಗವಲ್ಲಿ ನರ್ತಕಿ. ಅವಳಿಗೊಬ್ಬ ಪ್ರಿಯನಿದ್ದ, ಅಧಿಕಾರದ ಮದದಲ್ಲಿದ್ದವನು ಅದನ್ನು ಕೊನೆಗಾಣಿಸಿದ. ಸೌಂದರ್ಯ ಆ ಪಾತ್ರಕ್ಕೆ ತಂದ ಉರಿ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಚಿತ್ರ ತೆರೆಗೆ ಬರುವ ಹೊತ್ತಿಗೆ ಆಕೆ ನಮ್ಮ ನಡುವೆ ಇರಲಿಲ್ಲ ಎಂಬ ನೋವೂ ಅದಕ್ಕೆ ಸೇರಿಕೊಂಡಿತು. ಅಲ್ಲಿ ಬಿಡಿಸುವವನು ಮನೋವೈದ್ಯ. ಗುರುವಿನ ಜಾಗಕ್ಕೆ ವೈದ್ಯ ಬಂದ, ಹೆಣ್ಣಿನ ಬಯಕೆ ರೋಗವಾಗಿಯೇ ಉಳಿಯಿತು. ಪ್ರೇಕ್ಷಕರು ಮಾತ್ರ ಮನೆಗೆ ಹೊತ್ತುಕೊಂಡು ಹೋದದ್ದು ನಾಗವಲ್ಲಿಯನ್ನು, ವೈದ್ಯನ ವಿವರಣೆಯನ್ನಲ್ಲ. ಜನ ಅವಳ ಕತೆಗೆ ಹಸಿದಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು ಹಬ್ಬಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುವ ಹೆಣ್ಣುದೆವ್ವವನ್ನು ಓದುಬಲ್ಲವಳೆಂದು ನಂಬಿ ಬಾಗಿಲಲ್ಲೇ ಹಿಂದಕ್ಕೆ ಕಳಿಸುವ ಉಪಾಯ ಅದು. ಈ ವದಂತಿಯ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ಬಂತು. ಅದು ಅವಳಿಗೆ ಹಿಂದಿನ ಕತೆ ಕೊಟ್ಟಿತು: ವೇಶ್ಯೆಯಾಗಿದ್ದವಳು, ತನ್ನನ್ನು ಮನಸಾರೆ ಒಲಿದವನು ಸಿಕ್ಕಾಗ ಮೊದಲ ರಾತ್ರಿಗೆ ಮುನ್ನವೇ ಊರು ಇಬ್ಬರನ್ನೂ ಕೊಂದಿತು. ಅವಳು ಕೇಳುವುದು ಪ್ರೀತಿ, ಮರ್ಯಾದೆ ಎಂಬ ತೀರ್ಮಾನಕ್ಕೆ ಚಿತ್ರ ಬರುತ್ತದೆ. ಒಳ್ಳೆಯ ಹೆಜ್ಜೆ. ಆದರೂ ಅವಳ ಕತೆಯನ್ನು ಅಲ್ಲಿ ಹೇಳುವವರು ಹೆದರಿದ ಗಂಡಸರು, ಒಂದು ಹಳೆಯ ಪುಸ್ತಕ. ಅವಳಿಗೆ ಕಾರಣ ಸಿಕ್ಕಿತು, ಮಾತು ಸಿಗಲಿಲ್ಲ.

ಕಾರಣ ಕೊಡುವುದಕ್ಕೂ ಬಯಕೆ ಕೊಡುವುದಕ್ಕೂ ಇರುವ ಅಂತರವೇ ಈ ಇಡೀ ಪ್ರಶ್ನೆಯ ತಿರುಳು ಎಂದು ನನಗೆ ಅನಿಸುತ್ತದೆ. ಅನ್ಯಾಯಕ್ಕೆ ಒಳಗಾದ ದೆವ್ವವನ್ನು ಒಪ್ಪುವುದು ಸುಲಭ. ಅವಳ ಮೇಲೆ ಕರುಣೆ ಹುಟ್ಟುತ್ತದೆ. ಬಯಸಿದ ದೆವ್ವವನ್ನು ಒಪ್ಪುವುದು ಕಷ್ಟ. ‘ಕೆರೆಗೆ ಹಾರ’ದ ಭಾಗೀರಥಿಯನ್ನೇ ನೋಡಿ. ಕಿರಿಸೊಸೆ, ಕೆರೆಗೆ ನೀರು ಬರಲೆಂದು ಬಲಿಯಾದವಳು. ಅವಳ ಸಂಕಟ ಹಾಡಿನಲ್ಲಿ ತುಂಬಿದೆ: ತವರಿಗೆ ಹೋಗುತ್ತಾಳೆ, ಗೆಳತಿಯ ಬಳಿ ಹೋಗುತ್ತಾಳೆ, ಮನಸ್ಸಿನಲ್ಲಿರುವುದನ್ನು ಹೇಳಲಾರದೆ ಬರುತ್ತಾಳೆ. ಪ್ರೀತಿಗಾಗಿ ಸಾಯುವ ಸ್ವಾತಂತ್ರ್ಯ ಮಾತ್ರ ಗಂಡ ಮಾದೇವರಾಯನಿಗೆ. ದಂಡಿನಿಂದ ಬಂದು, ವಿಷಯ ತಿಳಿದು, ಅದೇ ಕೆರೆಗೆ ಹಾರಿಕೊಳ್ಳುತ್ತಾನೆ. ಬರಗೂರು ರಾಮಚಂದ್ರಪ್ಪ 2012ರಲ್ಲಿ ಈ ಹಾಡನ್ನು ‘ಭಾಗೀರಥಿ’ ಎಂಬ ಚಿತ್ರ ಮಾಡಿದರು. ಕೆರೆಯ ಬದಲು ಅವಳ ಹೆಸರು ಮುಂದೆ ಬಂದದ್ದು ಸಣ್ಣ ಸಂಗತಿಯಲ್ಲ.

ಬಯಕೆಯ ಪ್ರಶ್ನೆಗೆ ನೇರವಾಗಿ ಕೈಹಾಕಿದವರು ಇಬ್ಬರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕತೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ‘ನಾಗಮಂಡಲ’ ಬರೆದರು. ಹಗಲು ತಿರಸ್ಕರಿಸುವ ಗಂಡ ಅಪ್ಪಣ್ಣ, ರಾತ್ರಿ ಅವನದೇ ರೂಪದಲ್ಲಿ ಬಂದು ಒಲಿಯುವ ನಾಗ. ರಾಣಿಗೆ ಸುಖ ಸಿಗುತ್ತದೆ. ಆದರೆ ಯಾರಿಂದ ಸಿಕ್ಕಿತು ಎಂಬುದು ಅವಳಿಗೆ ತಿಳಿಯದಂತೆ ಕತೆ ಕಾಯುತ್ತದೆ. ಪಾತಿವ್ರತ್ಯದ ದಿವ್ಯದಲ್ಲಿ ಗೆಲ್ಲಬೇಕಾದರೆ ಅವಳಿಗೆ ಅದು ತಿಳಿದಿರಬಾರದು. ರಾಜಸ್ಥಾನದ ವಿಜಯದಾನ ದೇಥಾ ಬರೆದ ‘ದುವಿಧಾ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮದುವೆಯ ಮರುದಿನವೇ ಐದು ವರ್ಷದ ವ್ಯಾಪಾರಕ್ಕೆ ಹೊರಟ ಗಂಡ, ಮದುಮಗಳಿಗೆ ಮನಸೋತ ದೆವ್ವ. ಅದು ಗಂಡನ ರೂಪ ಧರಿಸಿ ಬಂದರೂ ಅವಳೆದುರು ಸುಳ್ಳಾಡುವುದಿಲ್ಲ, ತಾನು ಯಾರೆಂದು ಹೇಳುತ್ತದೆ. ಅವಳು ತಿಳಿದೇ ಒಪ್ಪುತ್ತಾಳೆ. 1973ರಲ್ಲಿ ಮಣಿ ಕೌಲ್, 2005ರಲ್ಲಿ ‘ಪಹೇಲಿ’ಯಾಗಿ ಅಮೋಲ್ ಪಾಲೇಕರ್ ಇದನ್ನು ತೆರೆಗೆ ತಂದರು. ಹೆಣ್ಣಿನ ಕಣ್ಣಿನಿಂದ ಹೇಳಿದ ದೆವ್ವದ ಪ್ರೇಮಕತೆಗೆ ನಮ್ಮ ಕಾಲದ ಮಾದರಿ ಬೇಕೆಂದರೆ ನಾನು ದೇಥಾ ಅವರ ಕತೆಯನ್ನೇ ಮುಂದಿಡುತ್ತೇನೆ. ಅಲ್ಲಿ ಮಾಯೆಗಿಂತ ದೊಡ್ಡದು ಅವಳು ತಿಳಿದು ಕೊಟ್ಟ ಒಪ್ಪಿಗೆ.

ಕರಾವಳಿಯಲ್ಲಿ ಈ ಕೆಲಸಕ್ಕೆ ಲೇಖಕರು ಬೇಕಾಗಲೇ ಇಲ್ಲ. ಸಿರಿ ಪಾಡ್ದನದ ಸಿರಿ ಗಂಡ ಕಾಂತು ಪೂಂಜನನ್ನು ಬಿಟ್ಟು ಹೊರಟವಳು, ಇನ್ನೊಂದು ಮದುವೆಯಾದವಳು, ಸತ್ತು ದೈವವಾದವಳು. ಕವತ್ತಾರು ಮೊದಲಾದ ಕಡೆ ಸಿರಿ ಜಾತ್ರೆಯಲ್ಲಿ ಹೆಂಗಸರು ಮೈದುಂಬಿ, ತಾನು ಸಿರಿ, ತಾನು ಸೊನ್ನೆ, ತಾನು ಗಿಂಡೆ ಎಂದು ‘ನಾನು’ ಎಂಬ ಮಾತಿನಲ್ಲೇ ಆ ಬದುಕನ್ನು ಹೇಳುತ್ತಾರೆ. ಫಿನ್ಲೆಂಡಿನ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದ ಗೋಪಾಲ ನಾಯ್ಕರ ಪಾಠವೊಂದೇ 15,683 ಸಾಲು. ನಮ್ಮ ಬಯಲುಸೀಮೆಯಲ್ಲೂ ಹೆಂಗಸಿನ ಮೈಮೇಲೆ ಗಾಳಿ ಬರುತ್ತದೆ, ಅವಳೂ ‘ನಾನು’ ಎಂದೇ ಮಾತಾಡುತ್ತಾಳೆ. ವ್ಯತ್ಯಾಸವೆಂದರೆ ಅಲ್ಲಿ ಆ ಮಾತನ್ನು ಕೂತು ಕೇಳುತ್ತಾರೆ. ಇಲ್ಲಿ ನೀನ್ಯಾರು, ಯಾವಾಗ ಬಿಡ್ತಿ ಎಂದು ಗದರಿಸಿ, ಲಿಂಬೆಹಣ್ಣು ಕೊಯ್ದು, ಅಮಾವಾಸ್ಯೆಗೆ ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ಹೊಡೆತ ತಿನ್ನುವವಳು ಬದುಕಿರುವ ಹೆಂಗಸು. ಆ ಹೊತ್ತಿನಲ್ಲಿ ಅವಳ ಬಾಯಿಂದ ಬಂದ ಕತೆಗಳನ್ನು ಯಾರಾದರೂ ಮರ್ಯಾದೆಯಿಂದ ಕೇಳಿದ್ದರೆ ನಮ್ಮ ಸೀಮೆಗೂ ಒಂದು ಪಾಡ್ದನ ಇರುತ್ತಿತ್ತು ಎಂದು ನಾನು ನಂಬುತ್ತೇನೆ.

ಸತ್ತ ಹೆಣ್ಣನ್ನು ಎದುರು ಕೂರಿಸಿಕೊಂಡು ಕೇಳುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ವೈದೇಹಿ ತೋರಿಸಿದ್ದಾರೆ. ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’ ಎಂಬ ಅವರ ಕತೆಯಲ್ಲಿ ಕಾಳಿದಾಸ ಬಿಟ್ಟದ್ದನ್ನು ಶಕುಂತಲೆ ತಾನೇ ಹೇಳಿಕೊಳ್ಳುತ್ತಾಳೆ. ಅದಕ್ಕೆ ಹೆದರಿಕೆ, ಹೊಗೆ, ಕಿರುಚಾಟ ಯಾವುದೂ ಬೇಕಾಗಲಿಲ್ಲ, ಒಂದು ಅಪರಾಹ್ನದ ಬಿಡುವು ಸಾಕಾಯಿತು.

ಆದರೆ ಶಕುಂತಲೆ ನಿರಪರಾಧಿ. ರತ್ನಾಜಿ ಅಲ್ಲ. ಇಲ್ಲಿಗೆ ಬಂದಾಗ ಪ್ರಶ್ನೆ ನಿಜವಾಗಿಯೂ ಬಿಗಿಯಾಗುತ್ತದೆ. ಮಲಮಗನನ್ನು ಬಯಸಿದ ಹೆಂಗಸಿನ ಕತೆ ಲೋಕದಲ್ಲೆಲ್ಲ ಇದೆ. ಗ್ರೀಕರ ಯೂರಿಪಿಡೀಸ್ ಕ್ರಿ.ಪೂ. 428ರಲ್ಲೇ ಫೀಡ್ರಾಳನ್ನು ರಂಗಕ್ಕೆ ತಂದ. 1677ರಲ್ಲಿ ಫ್ರಾನ್ಸಿನ ರಾಸೀನ್ ಅವಳನ್ನೇ ನಾಟಕದ ನಡುಮಧ್ಯೆ ನಿಲ್ಲಿಸಿದ. ಬೌದ್ಧರ ಅಶೋಕಾವದಾನದಲ್ಲಿ ತಿಷ್ಯರಕ್ಷಿತೆ ಕುಣಾಲನ ಕಣ್ಣುಗಳನ್ನು ಮೋಹಿಸಿ, ಸಿಗದಾದಾಗ ಆ ಕಣ್ಣುಗಳನ್ನೇ ಕೀಳಿಸುತ್ತಾಳೆ. ಅದೇ ಅಶೋಕನ ಶಾಸನಗಳು ಕೊಪ್ಪಳದ ಗವಿಮಠದ ಬಳಿಯ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇವೆ. ಹೀಗೆ ಮಲಮಗನನ್ನು ಮೋಹಿಸಿದ ಎರಡು ಅರಮನೆಕತೆಗಳ ಗುರುತು ಒಂದೇ ಜಿಲ್ಲೆಯಲ್ಲಿ ಉಳಿದಿದೆ.

ರತ್ನಾಜಿಗೆ ಅತಿ ಹತ್ತಿರದವಳು ಪಂಜಾಬಿನ ಲೂಣಾ. ಪೂರಣ ಭಗತನ ಕತೆಯಲ್ಲಿ ಅವಳು ಶತಮಾನಗಳ ಕಾಲ ಕೆಟ್ಟ ಮಲತಾಯಿ. ಶಿವಕುಮಾರ ಬಟಾಲವಿ 1965ರಲ್ಲಿ ‘ಲೂಣಾ’ ಎಂಬ ಕಾವ್ಯನಾಟಕ ಬರೆದು ಪ್ರಶ್ನೆಯನ್ನು ತಿರುಗಿಸಿದರು: ಮಗನ ವಯಸ್ಸಿನ ಹುಡುಗಿಯನ್ನು ಮುದಿ ಅರಸ ಕಟ್ಟಿಕೊಂಡದ್ದು ಯಾರ ತಪ್ಪು? 1967ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂದಿನಿಂದ ಪಂಜಾಬಿನಲ್ಲಿ ಲೂಣಾ ಎಂದರೆ ಮೊದಲಿನ ಅರ್ಥ ಮಾತ್ರ ಉಳಿದಿಲ್ಲ. ಒಂದು ಕೃತಿ ಒಂದು ನಾಡಿನ ಐತಿಹ್ಯವನ್ನು ಹೀಗೆ ಕದಲಿಸಬಲ್ಲದು. ಕುಮ್ಮಟದ ರತ್ನಾಜಿಗೆ ಬೇಕಾಗಿರುವುದು ಇಂಥ ಕೈ.

ಆ ಕೈ ಕೆಲವು ಕಡೆ ಜಾರುವ ಭಯವೂ ಇದೆ. ಮೊದಲನೆಯದು, ಅವಳನ್ನು ತೊಳೆದು ಬಿಳಿ ಮಾಡುವುದು. ಅವಳು ಅಪವಾದ ಹೊರಿಸಲೇ ಇಲ್ಲ, ಆಸ್ಥಾನದ ಯಾರೋ ಹೆಣೆದ ಕುತಂತ್ರ ಅದು ಎಂದು ಬರೆದರೆ ರತ್ನಾಜಿ ಉಳಿಯುವುದಿಲ್ಲ, ಇನ್ನೊಬ್ಬ ಬಡಪಾಯಿ ಹುಟ್ಟುತ್ತಾಳೆ. ಸುಳ್ಳು ದೂರು ಅವಳ ತಪ್ಪು. ಒಲ್ಲೆನೆಂದವನ ಒಲ್ಲೆ ಕೂಡ ಗೌರವಕ್ಕೆ ಅರ್ಹ. ಹೆಣ್ಣಿನ ಒಪ್ಪಿಗೆಯನ್ನು ಕೇಳುವ ನಾವು ಗಂಡಿನ ನಿರಾಕರಣೆಯನ್ನು ಕಡೆಗಣಿಸಲಾಗದು. ರಾಮನನ್ನು ಮರಗಟ್ಟಿದ ಮನಸ್ಸಿನವನನ್ನಾಗಿ ಮಾಡಿದರೂ ಕತೆ ಕೆಡುತ್ತದೆ. ಅವನು ಹೆದರಿರಬಹುದು, ಕನಿಕರಿಸಿರಬಹುದು, ಪ್ರತಿಜ್ಞೆಗೆ ಕಟ್ಟುಬಿದ್ದಿರಬಹುದು. ತಪ್ಪು ಮಾಡಿದವಳಿಗೂ ಪ್ರೀತಿ ಇತ್ತು ಎಂದು ಹೇಳಲು ಎದೆಗಾರಿಕೆ ಬೇಕು, ಪ್ರೀತಿ ಇದ್ದದ್ದಕ್ಕೆ ತಪ್ಪು ತಪ್ಪಲ್ಲ ಎನ್ನದಿರಲು ಅದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಎರಡನೆಯ ಭಯ ಇಂದಿನ ಕಾಲದ್ದು. ಕುಮಾರರಾಮನ ಕತೆಯ ಕೆಲವು ರೂಪಗಳಲ್ಲಿ ದಿಲ್ಲಿ ಸುಲ್ತಾನನ ಮಗಳೂ ಅವನಿಗೆ ಮನಸೋಲುತ್ತಾಳೆ. ರಾಜಸ್ಥಾನದ ಜಾಲೋರಿನ ಕತೆಯಲ್ಲಿ, ಪದ್ಮನಾಭ ಬರೆದ 15ನೆಯ ಶತಮಾನದ ಕಾನ್ಹಡದೇ ಪ್ರಬಂಧದಲ್ಲಿ, ಇಂಥದೇ ಒಬ್ಬಳು ಇದ್ದಾಳೆ: ಅಲಾವುದ್ದೀನನ ಮಗಳು ಫಿರೋಜಾ. ಅವಳ ಮುಂದೆ ತಂದಿಟ್ಟ ವೀರಮದೇವನ ಕಡಿದ ತಲೆ ಮುಖ ತಿರುಗಿಸುತ್ತದೆ; ಅವಳು ಅದಕ್ಕೆ ಸಂಸ್ಕಾರ ಮಾಡಿ ಯಮುನೆಗೆ ಹಾರುತ್ತಾಳೆ. ಮೇಲುಕೋಟೆಯಲ್ಲಿ ಚೆಲುವನಾರಾಯಣನನ್ನು ಹಿಂಬಾಲಿಸಿ ಬಂದ ಬೀಬಿ ನಾಚ್ಚಿಯಾರಿಗೆ ಗುಡಿಯೊಳಗೇ ಜಾಗ ಸಿಕ್ಕಿತು. ಈ ಹುಡುಗಿಯರನ್ನು ಗೆದ್ದ ಧರ್ಮದ ಗುರುತಾಗಿ ಬಳಸಿಕೊಳ್ಳುವ ಹೇಳಿಕೆಗಳು ಈಗ ಸುಲಭವಾಗಿ ಚಪ್ಪಾಳೆ ಗಿಟ್ಟಿಸುತ್ತವೆ. ಅವರ ಕಣ್ಣಿಂದ ನೋಡಿದರೆ ತಂದೆಯ ಯುದ್ಧದಲ್ಲಿ ಪ್ರೀತಿಸಿದವನನ್ನು ಕಳೆದುಕೊಂಡ ಮಗಳು ಕಾಣುತ್ತಾಳೆ, ಬೇರೆ ಏನೂ ಕಾಣುವುದಿಲ್ಲ.

ಮಾತಂಗಿಯ ಬಗ್ಗೆ ಒಂದೆರಡು ಮಾತು. ಪರಸ್ತ್ರೀಯ ಮೇಲೆ ಕೈಮಾಡೆನೆಂದವನನ್ನು ಮುಗಿಸಲು ಹೆಂಗಸನ್ನೇ ಕಳಿಸಿದರು. ಒಬ್ಬಳು ಅವನನ್ನು ಬಯಸಿ ಸಾವಿಗೆ ತಳ್ಳಿದಳು, ಇನ್ನೊಬ್ಬಳು ಬಯಸದೆ ಕೊಂದಳು. ರತ್ನಾಜಿಯನ್ನು ಬರೆಯುವವರು ಮಾತಂಗಿಯನ್ನು ಪಕ್ಕಕ್ಕೆ ಇಟ್ಟುಕೊಳ್ಳದೆ ಬರೆಯಲಾರರು ಎಂದು ನನ್ನ ಎಣಿಕೆ.

ಸೀಮೆಯಲ್ಲಿ ಇದನ್ನು ಹೇಳಬಲ್ಲ ಕಸುಬುಗಳು ಇನ್ನೂ ಜೀವಂತವಾಗಿವೆ. ದೊಡ್ಡಾಟದ ಅಟ್ಟ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಕಟ್ಟುತ್ತಾರೆ. ಬಹುಕಾಲ ಹೆಣ್ಣುಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಆ ಅಟ್ಟದಲ್ಲಿ ರತ್ನಾಜಿಯ ಮಾತುಗಳೂ ಗಂಡಸು ಬರೆದು ಗಂಡಸು ಆಡಿದ ಮಾತುಗಳೇ. ಇನ್ನೊಂದು ಕಡೆ ತೊಗಲುಗೊಂಬೆ ಇದೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಒಂದು ಬಾಳಿನುದ್ದಕ್ಕೂ ಪರದೆಯ ಹಿಂದೆ ಕೂತು ರಾಮಾಯಣ, ಮಹಾಭಾರತಗಳನ್ನು ಆಡಿಸಿದವರು. 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು. ರಾವಣನಿಗೂ ಸೀತೆಗೂ ಒಬ್ಬ ಹೆಂಗಸು ದನಿ ಕೊಡುವ ಪರಂಪರೆ ನಮ್ಮ ಅಂಗಳದಲ್ಲೇ ಇದೆ ಎಂದಾಯಿತು. ನೆರಳುಗಳೇ ಮಾತಾಡುವ ಆ ಪರದೆಗಿಂತ ಒಳ್ಳೆಯ ಜಾಗ ಸತ್ತವರ ಕತೆಗೆ ಬೇರೆ ಎಲ್ಲಿದೆ?

ಬರೆಯುವವರು ಯಾರೇ ಆಗಲಿ, ಅವರಿಗೆ ಕವಿಗಳು ಬಿಟ್ಟುಹೋದ ಒಂದು ಹೊತ್ತು ಕಾದಿದೆ. ದಂಡು ಹಿಮ್ಮೆಟ್ಟಿದೆ, ಕೋಟೆಯೊಳಗೆ ಜಯಘೋಷ, ರಾಮ ಬದುಕಿದ್ದಾನೆಂಬ ಸುದ್ದಿ ರಾಣಿವಾಸಕ್ಕೆ ಬರುತ್ತದೆ. ಅದನ್ನು ಕೇಳಿದ ಗಳಿಗೆಗೂ ಅವಳು ಜೀವ ಕಳೆದುಕೊಂಡ ಗಳಿಗೆಗೂ ನಡುವೆ ಎಷ್ಟು ಹೊತ್ತು ಸರಿಯಿತೋ, ಅಷ್ಟು ಹೊತ್ತು ರತ್ನಾಜಿಯದು. ಹಳೆಯ ಕಾವ್ಯಗಳು ಅಲ್ಲಿ ನಾಚಿಕೆಯನ್ನೂ ಭಯವನ್ನೂ ಇಟ್ಟು ಮುಂದೆ ಸಾಗಿದವು. ಅವನು ಸತ್ತಿಲ್ಲ ಎಂದು ತಿಳಿದ ಹೆಂಗಸಿಗೆ ಮೊದಲು ಬಂದದ್ದು ನಾಚಿಕೆಯೇ ಆಗಿರಬೇಕೆಂದೇನಿಲ್ಲ. ಸಂತೋಷವೂ ಆಗಿರಬಹುದು.